ಅಂಗಡಿಯಲ್ಲಿ ಒಂದು ಹಾಡು ಕೇಳಲು ಬಿಡಿ

ಮಾನ್ಯ ಸಂಪಾದಕರೆ,

ದೀಪಾವಳಿಗೆ ಮುಂಚೆ ನಿಮ್ಮ ಪತ್ರಿಕೆಯಲ್ಲಿ ಹಬ್ಬದ ಖರೀದಿಗೆಂದೇ ಒಂದು ಪುಟ ಬಂದಿತ್ತು. ಹೆಡ್‌ಫೋನ್, ಇಯರ್‌ಬಡ್, ಸೌಂಡ್‌ಬಾರ್, ಬ್ಲೂಟೂತ್ ಸ್ಪೀಕರ್ ಎಲ್ಲವನ್ನೂ ಫೋಟೊ ಸಮೇತ ಸಾಲಾಗಿ ಹಾಕಿದ್ದಿರಿ. ಒಂದೊಂದರ ಕೆಳಗೂ ಬೆಲೆ ಎಷ್ಟು, ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ತಾಸು ಬರುತ್ತದೆ, ಯಾವ ಬಣ್ಣಗಳಲ್ಲಿ ಸಿಗುತ್ತದೆ ಎಂದು ಇತ್ತು. ಅಚ್ಚುಕಟ್ಟಾಗಿತ್ತು. ಆದರೆ ಇಡೀ ಪುಟದಲ್ಲಿ ಒಂದು ಮಾತು ಎಲ್ಲೂ ಇರಲಿಲ್ಲ. ಅದರಲ್ಲಿ ಹಾಡು ಹೇಗೆ ಕೇಳಿಸುತ್ತದೆ?

ಆ ಪುಟವನ್ನೇ ಕತ್ತರಿಸಿಕೊಂಡು ನಮ್ಮ ಓಣಿಯ ಹುಡುಗನೊಬ್ಬ ನನ್ನ ಹತ್ತಿರ ಬಂದ. ಅವನಿಗೆ ಹುಬ್ಬಳ್ಳಿಯಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ. ಮೊದಲ ಸಂಬಳದಲ್ಲಿ ಅಪ್ಪನಿಗೆ ಹಾಡು ಕೇಳುವಂಥದ್ದು ಏನಾದರೂ ಕೊಡಿಸಬೇಕು ಅಂತ ಆಸೆ. ಅವನ ಅಪ್ಪನಿಗೆ ಮೊಣಕಾಲು ನೋವು, ಹೊರಗೆ ಓಡಾಡುವುದು ನಿಂತುಹೋಗಿದೆ. ಮೊದಲು ಎಲ್ಲಿ ಸಂಗೀತ ಕಚೇರಿ ಇದ್ದರೂ ತಪ್ಪಿಸುತ್ತಿರಲಿಲ್ಲ. ಹುಡುಗ ಫೋನಿನಲ್ಲಿ ಇನ್ನೊಂದು ಫೋಟೊ ತೋರಿಸಿದ. ಐದು ಸಣ್ಣ ಸ್ಪೀಕರ್, ಒಂದು ದೊಡ್ಡ ಡಬ್ಬಿ, ಬಣ್ಣದ ಲೈಟು. "ಕಾಕಾ, ಇದು 5,000 ವ್ಯಾಟ್ ಅಂತ್ರಿ. ಇದನ್ನ ತಗೊಳ್ಳಲೇನ್ರಿ?"

ಹಿಂಬದಿಯ ಫೋಟೊ ಇದೆಯಾ ಎಂದು ಕೇಳಿದೆ. ಇತ್ತು. ದೊಡ್ಡದು ಮಾಡಿ ನೋಡಿದೆವು. ಕೆಳಗೆ ಸಣ್ಣ ಅಕ್ಷರದಲ್ಲಿ, ಕರೆಂಟು ಎಷ್ಟು ಎಳೆಯುತ್ತದೆ ಎಂಬ ಸಾಲಿನಲ್ಲಿ, 45 ವ್ಯಾಟ್ ಎಂದು ಬರೆದಿತ್ತು. ಗೋಡೆಯಿಂದ 45 ವ್ಯಾಟ್ ಎಳೆಯುವ ಡಬ್ಬಿ 5,000 ವ್ಯಾಟ್ ಎಲ್ಲಿಂದ ತಂದು ಕೊಡುತ್ತದೆ? ಒಂದು ಸೇರು ಹಾಲಿಗೆ ನೂರು ಸೇರು ಮೊಸರು ಆಗುವುದಿಲ್ಲ, ಅಲ್ವಾ? ಆ ದೊಡ್ಡ ಸಂಖ್ಯೆಯ ಪಕ್ಕದಲ್ಲಿ ಪಿಎಂಪಿಒ ಎಂಬ ನಾಲ್ಕು ಅಕ್ಷರ ಇದ್ದವು. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದು ರೀತಿಯೇ ಇಲ್ಲ. ತಯಾರಿಸಿದವರು ಹೇಗೆ ಬೇಕಾದರೂ ಲೆಕ್ಕ ಹಾಕಬಹುದು. ವ್ಯಾಟ್ ನೋಡಲೇಬೇಕಾದರೆ ಆರ್‌ಎಂಎಸ್ ಎಂದು ಬರೆದ ಸಂಖ್ಯೆ ನೋಡಬೇಕು. ಒಂದೇ ಸಮನೆ ಹಾಡುತ್ತಿರುವಾಗ ಕೊಡಬಲ್ಲ ಶಕ್ತಿ ಅದು.

ಅವತ್ತು ಆ ಹುಡುಗನ ಜೊತೆ ಒಂದು ತಾಸು ಮಾತಾಡಿದೆ. ಅದನ್ನೇ ನಿಮ್ಮ ಓದುಗರಿಗೂ ಹೇಳಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ರೇಡಿಯೊ, ಟೇಪ್ ರೆಕಾರ್ಡರ್, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬದುಕಿದವನು. 1978ರಲ್ಲಿ ಸೋದರಮಾವನ ಅಂಗಡಿಯಲ್ಲಿ ಬೆಸುಗೆ ಹಾಕುವುದನ್ನು ಕಲಿತೆ. ಆಮೇಲೆ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ನನ್ನದೇ ಒಂದು ಸಣ್ಣ ಅಂಗಡಿ ಇತ್ತು. ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ಬರುತ್ತಿದ್ದವು. ಕ್ಯಾಸೆಟ್ ಕಾಲದಲ್ಲಂತೂ ಕೈತುಂಬ ಕೆಲಸ. ಬೆಲ್ಟ್ ಬದಲಿಸುವುದು, ಹೆಡ್ಡನ್ನು ಸ್ಪಿರಿಟ್ ಹಚ್ಚಿ ಒರೆಸುವುದು, ಅದರ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ದನಿ ಬಿಚ್ಚಿಕೊಳ್ಳುವ ಹಾಗೆ ಮಾಡುವುದು. ಅಂಗಡಿ ಮುಚ್ಚಿ ಆರು ವರ್ಷ ಆಯಿತು.

ಇಷ್ಟೆಲ್ಲ ಕೆಲಸ ಗೊತ್ತಿದ್ದರೂ ಕೇಳುವುದು ಹೇಗೆ ಎಂದು ನನಗೆ ಕಲಿಸಿದವರು ಒಬ್ಬ ಗಿರಾಕಿ. ಸಂಗೀತದ ಮಾಸ್ತರರು. ಅವರ ಟ್ರಾನ್ಸಿಸ್ಟರಿನ ಸ್ಪೀಕರ್ ಹರಿದಿತ್ತು. ಅಳತೆಗೆ ಸರಿಯಾಗಿ ಕೂರುವ ಬೇರೆ ಸ್ಪೀಕರ್ ಹಾಕಿದೆ. ಮೊದಲಿಗಿಂತ ಜೋರಾಗಿ ಕೇಳಿಸುತ್ತಿತ್ತು. ನನಗೆ ಖುಷಿ. ಮಾಸ್ತರರು ಬಂದರು, ಧಾರವಾಡ ಆಕಾಶವಾಣಿ ಹಚ್ಚಿದರು. ಯಾರದೋ ಗಾಯನ ನಡೆದಿತ್ತು. ಎರಡು ನಿಮಿಷ ಕೇಳಿ ಸೆಟ್ಟನ್ನು ನನ್ನ ಕಡೆಗೆ ತಳ್ಳಿದರು. "ತಮ್ಮಾ, ಇದರಾಗ ತಂಬೂರಿ ಸತ್ತೈತಿ" ಅಂದರು.

ನನಗೆ ಅರ್ಥ ಆಗಲಿಲ್ಲ. ಸಿಟ್ಟೂ ಬಂತು. ಅವರು ಮಾತ್ರ ಬೇಜಾರು ಮಾಡಿಕೊಳ್ಳದೆ ಮರುದಿನ ಮನೆಗೆ ಕರೆದರು. ಗೋಡೆಗೆ ಒರಗಿಸಿದ್ದ ತಂಬೂರಿಯನ್ನು ಮಡಿಲಿಗೆ ತಗೊಂಡು ಮೀಟಿದರು. ತಂತಿಗಳು ಹಾಯುವ ಕುದುರೆ ಎಂಬ ಪಟ್ಟಿಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸಿದ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದರು. ಒಂದು ಕಡೆ ಬಂದಾಗ ದನಿ ಒಮ್ಮೆಲೇ ಅರಳಿತು. ಒಂದು ತಂತಿಯಿಂದ ಹತ್ತು ದನಿ ಹೊರಟ ಹಾಗೆ. ಅದಕ್ಕೇ ಜವಾರಿ ಅನ್ನುತ್ತಾರೆ. ಮತ್ತೆ ದಾರ ಸರಿಸಿದರು, ದನಿ ಮಡಚಿಕೊಂಡಿತು. "ನಿನ್ನ ಸ್ಪೀಕರ್ ಹಿಂಗ ಮಾಡ್ತದ ನೋಡು" ಅಂದರು.

ಆಮೇಲೆ ಅದರ ಹಿಂದಿನ ಲೆಕ್ಕ ನನಗೆ ತಿಳಿಯಿತು. ಗಂಡಸರ ದನಿಗೆ ಶ್ರುತಿ ಮಾಡಿದ ತಂಬೂರಿಯಲ್ಲಿ ಖರಜದ ತಂತಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ, ಸೆಕೆಂಡಿಗೆ 70 ಸಲ, ಅಂದರೆ ಸುಮಾರು 70 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಆದರೆ ಜವಾರಿ ಹುಟ್ಟಿಸುವ ಮೇಲಿನ ಸ್ವರಗಳು ಸಾವಿರಾರು ಹರ್ಟ್ಸ್‌ವರೆಗೆ ಹೋಗುತ್ತವೆ. ಅಂದರೆ ಒಂದೇ ವಾದ್ಯದಲ್ಲಿ ಸ್ಪೀಕರಿನ ಕೆಳಗಿನ ತುದಿ, ನಡು, ಮೇಲಿನ ತುದಿ ಮೂರೂ ಪರೀಕ್ಷೆ ಆಗುತ್ತವೆ. ಅವತ್ತಿನಿಂದ ಅಂಗಡಿ ಮುಚ್ಚುವವರೆಗೆ ನನ್ನ ಕೈಯಿಂದ ಹೊರಗೆ ಹೋದ ಪ್ರತಿ ಸೆಟ್ಟಿಗೂ ಮೊದಲು ತಂಬೂರಿ ಹಾಕಿ ಕೇಳಿದ್ದೇನೆ. ಮಾಸ್ತರರೇ ಒಂದು ಕ್ಯಾಸೆಟ್ಟಿನಲ್ಲಿ ಹತ್ತು ನಿಮಿಷ ನುಡಿಸಿ ತುಂಬಿಸಿ ಕೊಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಹಾಕಿಸಿ ಈಗ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಎಲ್ಲರೂ ತಂಬೂರಿ ಇಟ್ಟುಕೊಳ್ಳಬೇಕು ಅಂತಲ್ಲ. ನಿಮಗೆ ಬಾಯಿಪಾಠ ಆಗಿರುವ ಹಾಡು ಸಾಕು. ನೂರಾರು ಸಲ ಕೇಳಿದ ಹಾಡು, ಎಲ್ಲಿ ಉಸಿರು ಬರುತ್ತದೆ, ಎಲ್ಲಿ ತಬಲಾ ಸೇರುತ್ತದೆ ಎಂದು ಗೊತ್ತಿರುವ ಹಾಡು. ಅದನ್ನು ಅಂಗಡಿಗೆ ತಗೊಂಡು ಹೋಗಿ. ಅಂಗಡಿಯವರು ಹಾಕುವ ಹಾಡು ಬೇಡ. ಅವರು ಸಾಮಾನ್ಯವಾಗಿ ಧಮ್ ಧಮ್ ಅನ್ನುವ ಹಾಡನ್ನೇ ಹಾಕುತ್ತಾರೆ. ಅದರಲ್ಲಿ ಯಾವ ಡಬ್ಬಿಯೂ ಚೆನ್ನಾಗಿಯೇ ಕೇಳಿಸುತ್ತದೆ.

ಮನುಷ್ಯರ ದನಿ ಇರುವುದನ್ನು ತಪ್ಪದೆ ಕೇಳಿ. ನಾನು ಗಂಗೂಬಾಯಿ ಹಾನಗಲ್ ಅವರ ಗಾಯನ ಹಾಕುತ್ತಿದ್ದೆ. ಅವರದು ಗಂಭೀರವಾದ, ಕೆಳಗಿನ ದನಿ. ಬೇಸ್ ಅತಿಯಾಗಿ ಉಬ್ಬಿಸಿದ ಸ್ಪೀಕರಿನಲ್ಲಿ ಆ ದನಿ ಕೊಡದೊಳಗಿನಿಂದ ಬಂದ ಹಾಗೆ ಕೇಳಿಸುತ್ತದೆ. ತೀರ ಸಣ್ಣ ಸ್ಪೀಕರಿನಲ್ಲಿ ಆ ದನಿಯ ತೂಕವೇ ಹೋಗಿಬಿಡುತ್ತದೆ. ಒಳ್ಳೆಯದರಲ್ಲಿ ಅವರು ಎದುರು ಕೂತು ಹಾಡಿದ ಹಾಗಿರುತ್ತದೆ. ಆಮೇಲೆ ವಾರ್ತೆ ಓದುವವರ ದನಿ ಕೇಳಿ. ಸ, ಶ, ಚ ಅಕ್ಷರಗಳು ಬಂದಾಗ ಕಿವಿಗೆ ಸೂಜಿ ಚುಚ್ಚಿದ ಹಾಗೆ ಆದರೆ ಆ ಹೆಡ್‌ಫೋನು ದಿನಾ ಎರಡು ತಾಸು ಕೇಳುವುದಕ್ಕೆ ಆಗುವುದಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಕೇಳಿದಾಗ "ಎಷ್ಟು ಸ್ಪಷ್ಟ!" ಅನಿಸುತ್ತದೆ. ಮನೆಗೆ ಬಂದ ಮೇಲೆ ತಲೆನೋವು. ತಬಲಾದ ಡಗ್ಗಾ, ಅಂದರೆ ಜೋಡಿಯಲ್ಲಿ ದೊಡ್ಡದು, ಕೇಳುವಾಗ ಒಂದೇ ವಿಷಯ ಗಮನಿಸಿ. ಕೈಯಿಂದ ಒತ್ತಿ ಸ್ವರ ಏರಿಸುವುದು ಕೇಳಿಸಬೇಕು. ಸುಮ್ನೆ ಧುಬ್ ಧುಬ್ ಅಂತ ಒಂದೇ ಸಮ ಇದ್ದರೆ ಅದು ಡಗ್ಗಾ ಅಲ್ಲ, ಡಬ್ಬಿಯ ಸದ್ದು.

ಡಬ್ಬಿಯ ಮೇಲೆ 20ರಿಂದ 20,000 ಹರ್ಟ್ಸ್ ಎಂದು ಬರೆದಿರುತ್ತಾರೆ. ಕೆಲವರು 40,000 ಎಂದೂ ಬರೆಯುತ್ತಾರೆ. ಮನುಷ್ಯರ ಕಿವಿಗೆ 20,000ದ ಆಚೆಗೆ ಕೇಳಿಸುವುದಿಲ್ಲ. ವಯಸ್ಸಾದಂತೆ ಅದೂ ಇಳಿಯುತ್ತದೆ. ಇನ್ನೊಂದು ಸಂಗತಿ ಹೇಳುತ್ತೇನೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. 765 ಕಿಲೋಹರ್ಟ್ಸ್ ಮೇಲೆ ಮುಳ್ಳು ನಿಲ್ಲಿಸಿ ಈ ಭಾಗದ ಎಷ್ಟೋ ಮನೆಯವರು ಮಲ್ಲಿಕಾರ್ಜುನ ಮನಸೂರರನ್ನು, ಬಸವರಾಜ ರಾಜಗುರುಗಳನ್ನು ಕೇಳಿದರು. ಅದು ಮೀಡಿಯಂ ವೇವ್ ಕೇಂದ್ರ, ಅದರಲ್ಲಿ ಹೆಚ್ಚೆಂದರೆ 5,000 ಹರ್ಟ್ಸ್‌ವರೆಗಿನ ದನಿ ಮಾತ್ರ ಬರುತ್ತದೆ. ಎಫ್‌ಎಂನಲ್ಲಿ 15,000ವರೆಗೆ ಬರುತ್ತದೆ. ಆ 5,000ದೊಳಗೇ ನಮ್ಮ ಹಿರಿಯರು ರಾಗ ಗುರುತಿಸಿದರು, ಕಣ್ಣೀರು ಹಾಕಿದರು. ಒಳ್ಳೆಯ ದನಿ ಬೇಡ ಅಂತ ನಾನು ಹೇಳುತ್ತಿಲ್ಲ. ನಡುವಿನ ದನಿ, ಅಂದರೆ ಮನುಷ್ಯರ ಕೊರಳು ಇರುವ ಜಾಗ, ಶುದ್ಧವಾಗಿದ್ದರೆ ಹಾಡು ನಿಲ್ಲುತ್ತದೆ. ಅದು ಕೆಟ್ಟಿದ್ದರೆ 40,000 ಹರ್ಟ್ಸ್ ಬಂದರೂ ಪ್ರಯೋಜನ ಇಲ್ಲ.

ವ್ಯಾಟಿನ ವಿಷಯವೂ ಹಾಗೇ. ಶಕ್ತಿ ಎರಡು ಪಟ್ಟು ಮಾಡಿದರೆ ದನಿ 3 ಡೆಸಿಬಲ್ ಮಾತ್ರ ಏರುತ್ತದೆ. ದನಿ ಎಷ್ಟು ಜೋರು ಎಂದು ಅಳೆಯುವ ಮಾನ ಡೆಸಿಬಲ್. 3 ಡೆಸಿಬಲ್ ಅಂದರೆ ಕಿವಿಗೆ ಸ್ವಲ್ಪ ಜಾಸ್ತಿ ಆಯಿತು ಅನಿಸುವಷ್ಟು, ಅಷ್ಟೆ. ಎರಡು ಪಟ್ಟು ಜೋರು ಅನಿಸಬೇಕಾದರೆ ಶಕ್ತಿ ಹತ್ತು ಪಟ್ಟು ಬೇಕು. ಹಾಗಾಗಿ 10 ವ್ಯಾಟ್ ಬಿಟ್ಟು 20 ವ್ಯಾಟಿನದಕ್ಕೆ ಸಾವಿರಾರು ರೂಪಾಯಿ ಜಾಸ್ತಿ ಕೊಡುವ ಮುಂಚೆ ಯೋಚಿಸಿ. ಸ್ಪೀಕರಿನ ಜೊತೆಗಿನ ಕಾಗದದಲ್ಲಿ ಸೆನ್ಸಿಟಿವಿಟಿ ಎಂದು ಇರುತ್ತದೆ. 87 ಡೆಸಿಬಲ್ ಎಂದಿದ್ದರೆ ಒಂದೇ ಒಂದು ವ್ಯಾಟಿನಲ್ಲಿ ಒಂದು ಮೀಟರ್ ದೂರಕ್ಕೆ ಅಷ್ಟು ದನಿ ಬರುತ್ತದೆ. ಹತ್ತು ಅಡಿ, ಹನ್ನೆರಡು ಅಡಿಯ ಕೋಣೆಗೆ ಅದೇ ಜಾಸ್ತಿ.

ಈಗ ಕಿವಿಯೊಳಗೆ ಹಾಕಿಕೊಳ್ಳುವ ಇಯರ್‌ಫೋನಿನ ಮಾತು. ಅಂಗಡಿಯ ಕೊನೆಯ ವರ್ಷಗಳಲ್ಲಿ ಹುಡುಗ ಹುಡುಗಿಯರು ಇದನ್ನೇ ಹಿಡಿದುಕೊಂಡು ಬರುತ್ತಿದ್ದರು. "ಕಾಕಾ, ಬೇಸ್ ಇಲ್ಲ." ಎಷ್ಟೋ ಸಲ ಇಯರ್‌ಫೋನಿನಲ್ಲಿ ಏನೂ ತಪ್ಪು ಇರುತ್ತಿರಲಿಲ್ಲ. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರ್ ಟೋಪಿ ಕೊಟ್ಟಿರುತ್ತಾರೆ, ಇವರು ಮೊದಲೇ ಹಾಕಿ ಕೊಟ್ಟಿದ್ದನ್ನು ಬದಲಿಸಿಯೇ ಇರುವುದಿಲ್ಲ. ಕಿವಿಯ ತೂತಿಗೂ ಟೋಪಿಗೂ ನಡುವೆ ಸಂದು ಉಳಿದರೆ ಕೆಳಗಿನ ದನಿ ಸೋರಿಹೋಗುತ್ತದೆ. ಒಂದು ಅಳತೆ ದೊಡ್ಡದು ಹಾಕಿ ಕೊಟ್ಟರೆ ಅವರ ಮುಖ ಅರಳುತ್ತಿತ್ತು. ಎರಡು ಕಿವಿಗೂ ಒಂದೇ ಅಳತೆ ಸರಿಹೋಗಬೇಕು ಅಂತಲೂ ಇಲ್ಲ. ನನ್ನ ಮಗಳಿಗೆ ಬಲಕ್ಕೆ ಸಣ್ಣದು, ಎಡಕ್ಕೆ ನಡುವಿನದು. ಇನ್ನು ಕೆಲವರು "ಒಂದು ಕಡೆ ಕಡಿಮೆ ಕೇಳಿಸುತ್ತದೆ" ಅನ್ನುತ್ತಿದ್ದರು. ಇಯರ್‌ಫೋನಿನ ಬಾಯಿಯ ಜಾಲರಿಯಲ್ಲಿ ಕಿವಿಯ ಗುಗ್ಗೆ ಕೂತಿರುತ್ತಿತ್ತು. ಒಣ ಬ್ರಷ್ಷಿನಿಂದ, ಬಾಯಿ ಕೆಳಗೆ ಮಾಡಿ, ಮೆಲ್ಲಗೆ ಉಜ್ಜಿದರೆ ಮುಗಿಯಿತು. ಅದಕ್ಕೆ ನಾನು ದುಡ್ಡು ತಗೊಂಡಿಲ್ಲ. ಹೊಸದು ಕೊಳ್ಳುವ ಮುಂಚೆ ಇವೆರಡನ್ನೂ ಮನೆಯಲ್ಲೇ ನೋಡಿಕೊಳ್ಳಿ.

ಹುಬ್ಬಳ್ಳಿಗೂ ಧಾರವಾಡಕ್ಕೂ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವರು ಹೊರಗಿನ ಸದ್ದು ತಡೆಯುವ ಇಯರ್‌ಫೋನ್ ಕೇಳುತ್ತಾರೆ. ಅದು ಒಳ್ಳೆಯ ವಸ್ತು. ಹೊರಗಿನ ಸದ್ದನ್ನು ಒಂದು ಸಣ್ಣ ಮೈಕ್ ಕೇಳಿಸಿಕೊಂಡು, ಅದರ ತಿರುಗಾದ ಅಲೆಯನ್ನು ಕಿವಿಗೆ ಕಳಿಸುತ್ತದೆ. ಎರಡೂ ಸೇರಿ ಒಂದನ್ನೊಂದು ತಿಂದುಹಾಕುತ್ತವೆ. ಆದರೆ ಎಂಜಿನ್ನಿನ ಗುಂಯ್ ಅನ್ನುವ ಸದ್ದು, ಫ್ಯಾನಿನ ಸದ್ದು, ಇಂಥ ಒಂದೇ ಸಮನೆ ಬರುವ ಕೆಳದನಿಯನ್ನು ಅದು ಚೆನ್ನಾಗಿ ತಡೆಯುತ್ತದೆ. ಪಕ್ಕದವರ ಮಾತು, ಹಾರ್ನು ಅಷ್ಟು ತಡೆಯುವುದಿಲ್ಲ. ಎಲ್ಲ ಸದ್ದೂ ನಿಂತುಹೋಗುತ್ತದೆ ಎಂದು ನಂಬಿ ದುಡ್ಡು ಕೊಡಬೇಡಿ. ಇದರ ದೊಡ್ಡ ಉಪಕಾರ ಏನೆಂದರೆ, ಬಸ್ಸಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಬಸ್ಸು ಇಳಿದ ಮೇಲೆ ಮಾತ್ರ ದಯವಿಟ್ಟು ತೆಗೆದುಬಿಡಿ. ಜುಬಿಲಿ ಸರ್ಕಲ್‌ನಲ್ಲಿ ಎರಡೂ ಕಿವಿ ಮುಚ್ಚಿಕೊಂಡು ರಸ್ತೆ ದಾಟುವ ಮಕ್ಕಳನ್ನು ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಈ ಮಾತಿನ ಜೊತೆಗೆ ಒಂದು ನೆನಪು. ಗಲ್ಫಿನಿಂದ ಬಂದವರೊಬ್ಬರು ಒಮ್ಮೆ ಸೋನಿ ಕಂಪನಿಯ ಮೊಟ್ಟಮೊದಲ ವಾಕ್‌ಮನ್ ರಿಪೇರಿಗೆ ತಂದಿದ್ದರು. 1979ರಲ್ಲಿ ಮಾರುಕಟ್ಟೆಗೆ ಬಂದ ನೀಲಿ ಬಣ್ಣದ ಸೆಟ್ಟು. ಅದಕ್ಕೆ ಹೆಡ್‌ಫೋನಿನ ತೂತು ಎರಡು ಇದ್ದವು. ಇಬ್ಬರು ಒಟ್ಟಿಗೆ ಕೇಳಲಿ ಅಂತ. ನಡುವೆ ಮಾತಾಡಬೇಕು ಅನಿಸಿದರೆ ಒತ್ತಲು ಒಂದು ಕೇಸರಿ ಗುಂಡಿಯೂ ಇತ್ತು. ಒತ್ತಿದರೆ ಹಾಡು ತಗ್ಗಿ, ಮೈಕ್ ಮೂಲಕ ಮಾತು ಕೇಳಿಸುತ್ತಿತ್ತು. ಬೆಲ್ಟ್ ಬದಲಿಸಿದ ಮೇಲೆ ನಾನೂ ನನ್ನ ಹೆಂಡತಿಯೂ ರಾತ್ರಿ ಅಂಗಡಿಯಲ್ಲಿ ಕೂತು ಒಂದು ಕ್ಯಾಸೆಟ್ ಪೂರ್ತಿ ಕೇಳಿದೆವು. ಹಾಗೆ ಜೋಡಿಯಾಗಿ ಕೇಳುವ ಏರ್ಪಾಡು ಇವತ್ತಿನ ಕೆಲವು ಫೋನುಗಳಲ್ಲೂ ಇದೆ. ಗಂಡ ಹೆಂಡತಿ ಒಟ್ಟಿಗೆ ಪ್ರಯಾಣ ಮಾಡುವವರು ಅದನ್ನು ಕೇಳಿ ತಿಳಿದುಕೊಳ್ಳಿ.

ತಂತಿ ಇರುವುದೋ ಇಲ್ಲದ್ದೋ? ಓಡಾಟಕ್ಕೆ ತಂತಿ ಇಲ್ಲದ್ದು ಸುಲಭ, ಒಪ್ಪುತ್ತೇನೆ. ಆದರೆ ಬ್ಲೂಟೂತ್‌ನಲ್ಲಿ ದನಿ ಸ್ವಲ್ಪ ತಡವಾಗಿ ಬರುತ್ತದೆ. ತಬಲಾ ಆ್ಯಪ್ ಹಚ್ಚಿಕೊಂಡು ತಮ್ಮ ಹಾಡು ರೆಕಾರ್ಡ್ ಮಾಡುವ ಸಂಗೀತದ ವಿದ್ಯಾರ್ಥಿಗಳು ನಮ್ಮ ಊರಲ್ಲಿ ಬಹಳ. ಅವರಿಗೆ ತಂತಿ ಇರುವುದೇ ಬೇಕು, ಇಲ್ಲದಿದ್ದರೆ ರೆಕಾರ್ಡಿನಲ್ಲಿ ಲಯ ಹಿಂದೆ ಬೀಳುತ್ತದೆ. ತಂತಿಯದು ಕೊಳ್ಳುವಾಗ ಎರಡು ಕಡೆ ಮುಟ್ಟಿ ನೋಡಿ. ತಂತಿ ಪಿನ್ನಿಗೆ ಸೇರುವ ಜಾಗ, ಕಿವಿಯ ಕಡೆ ಸೇರುವ ಜಾಗ. ಹರಿಯುವುದು ಅಲ್ಲೇ. ಬಿಚ್ಚಿ ಬೇರೆ ತಂತಿ ಹಾಕುವಂತಿದ್ದರೆ ನೂರಿನ್ನೂರು ರೂಪಾಯಿ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಓಮ್ ಎಂಬ ಸಂಖ್ಯೆಯೂ ನೋಡಿ, ಕರೆಂಟಿಗೆ ಹೆಡ್‌ಫೋನು ಒಡ್ಡುವ ತಡೆಯ ಅಳತೆ ಅದು. ಫೋನಿಗೆ 16 ಅಥವಾ 32 ಓಮ್ ಹೆಡ್‌ಫೋನು ಸರಿ. ಸ್ಟುಡಿಯೊದವರು ಬಳಸುವ 250, 300 ಓಮಿನದನ್ನು ಫೋನಿಗೆ ಹಾಕಿದರೆ ದನಿ ಪಿಸುಗುಟ್ಟಿದ ಹಾಗೆ ಬರುತ್ತದೆ. ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು.

ತಂತಿ ಇಲ್ಲದ ಇಯರ್‌ಬಡ್ಡಿನ ಬಗ್ಗೆ ನನಗೆ ಒಂದು ನೋವಿದೆ. ಮಗಳು ಇಷ್ಟಪಟ್ಟು ಕೊಂಡಿದ್ದಳು. ಎರಡು ವರ್ಷ ಆಗುವಷ್ಟರಲ್ಲಿ ಎಡಗಡೆಯದು ಇಪ್ಪತ್ತು ನಿಮಿಷಕ್ಕೆ ನಿಂತುಹೋಗುತ್ತಿತ್ತು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆವು. "ಬ್ಯಾಟರಿ ಬದಲಿಸೋಕೆ ಬರಲ್ಲ, ಹೊಸ ಜೋಡಿ ತಗೊಳ್ಳಿ" ಅಂದರು. ನಲವತ್ತು ವರ್ಷ ಈ ಕೈಯಿಂದ ಸೆಟ್ಟು ಬಿಚ್ಚಿದವನು ನಾನು. ಮನೆಗೆ ತಂದು ಬಿಚ್ಚಿದೆ. ಹುಣಸೆಬೀಜದಷ್ಟು ಸೆಲ್ಲು, ಸುತ್ತಲೂ ಅಂಟು. ಅದನ್ನು ಎಬ್ಬಿಸಲು ಹೋದರೆ ಸುತ್ತಲಿನ ಎಲ್ಲವೂ ಕಿತ್ತು ಬರುತ್ತಿತ್ತು. ಸೆಲ್ಲು ಚುಚ್ಚಿಹೋದರೆ ಬೆಂಕಿ ಹತ್ತುವ ಅಪಾಯ ಬೇರೆ. ಕೈಬಿಟ್ಟೆ. ನೀವೂ ಬಿಚ್ಚಬೇಡಿ. ಆ ಇಯರ್‌ಬಡ್ಡಿನ ಸ್ಪೀಕರ್ ಇನ್ನೂ ಚೆನ್ನಾಗಿತ್ತು. ಸಣ್ಣ ಸೆಲ್ಲಿಗಾಗಿ ಇಡೀ ವಸ್ತು ಕಸಕ್ಕೆ ಹೋಗಬೇಕಾಯಿತು. ಅದನ್ನು ಹಸಿ ಕಸದಲ್ಲೋ ಒಣ ಕಸದಲ್ಲೋ ಹಾಕದೆ ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಟ್ಟೆವು. ಅದಕ್ಕಾಗಿ 2023ರ ಏಪ್ರಿಲ್‌ನಿಂದ ದೇಶದಲ್ಲಿ ಹೊಸ ನಿಯಮಗಳೇ ಜಾರಿಯಲ್ಲಿವೆ. ಕೊಳ್ಳುವಾಗ ಇನ್ನೊಂದು ಕೆಲಸ ಮಾಡಿ. ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತೂ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯಾ ನೋಡಿ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ನಿಜವೋ ಅಲ್ಲವೋ ಗೊತ್ತಾಗುತ್ತದೆ.

ಮನೆಯ ಸ್ಪೀಕರಿಗೆ ಬಂದರೆ, ಅರ್ಧ ಸ್ಪೀಕರು ನಿಮ್ಮ ಕೋಣೆಯೇ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ದುಬಾರಿ ಜೋಡಿ ಸ್ಪೀಕರ್ ತಂದು, "ಹಾಡು ಕಲಸಿ ಬರ್ತದ, ಬಂದು ನೋಡ್ರಿ" ಎಂದು ಕರೆದರು. ಹೋದೆ. ಹೊಸ ಮನೆ. ನೆಲಕ್ಕೆ ಹೊಳೆಯುವ ಟೈಲ್ಸ್, ಬರೀ ಗೋಡೆ, ಗಾಜಿನ ಶೋಕೇಸು. ಸ್ಪೀಕರುಗಳು ಶೋಕೇಸಿನ ಒಳಗೆ, ಮೂಲೆಗೆ. ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದೆ. ಝಣ್ ಎಂದು ದನಿ ಓಡಾಡಿತು. ಅವರಿಗೂ ಕೇಳಿಸಿತು. ಸ್ಪೀಕರ್ ಎರಡನ್ನೂ ಹೊರಗೆ ತೆಗೆದು ಗೋಡೆಯಿಂದ ಎರಡು ಅಡಿ ಈಚೆಗೆ, ಸ್ಟೂಲಿನ ಮೇಲೆ, ಕೂತಾಗ ಕಿವಿಯ ಮಟ್ಟಕ್ಕೆ ಬರುವಂತೆ ಇಟ್ಟೆವು. ಮೂಲೆಗೆ ಇಟ್ಟರೆ ಬೇಸ್ ಉಬ್ಬುತ್ತದೆ. ಎರಡು ಸ್ಪೀಕರಿನ ನಡುವೆ ಆರು ಅಡಿ, ಅವರ ಕುರ್ಚಿಗೂ ಅಷ್ಟೇ ದೂರ. ಆಮೇಲೆ ನಾನು "ಜಮಖಾನೆ ಇದೆಯೇನ್ರಿ?" ಅಂದೆ. ಅವರ ಮನೆಯವರು ಟ್ರಂಕಿನಿಂದ ನವಲಗುಂದದ ಜಮಖಾನೆ ತೆಗೆದರು, ಮದುವೆಯಲ್ಲಿ ಬಂದದ್ದಂತೆ. ಅದನ್ನು ನೆಲಕ್ಕೆ ಹಾಸಿದೆವು. ಕಿಟಕಿಗೆ ದಪ್ಪ ಪರದೆ ಎಳೆದೆವು. ಮತ್ತೆ ಚಪ್ಪಾಳೆ ಹೊಡೆದೆ. ಝಣ್ ಹೋಗಿತ್ತು. ಹಾಡು ಹಾಕಿದಾಗ ಆ ತಾಯಿ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಅಲ್ಲೇ ನಿಂತುಬಿಟ್ಟರು.

ಸ್ಪೀಕರಿನ ಕಾಗದದ ಕೋನಿನ ಸುತ್ತ ಒಂದು ಅಂಚು ಇರುತ್ತದೆ. ಅದು ರಬ್ಬರಿನದೋ ಫೋಮಿನದೋ ಕೇಳಿ. ನಮ್ಮ ಮಳೆಗಾಲ, ಬೇಸಿಗೆ ಎರಡನ್ನೂ ಕಂಡ ಫೋಮು ಹತ್ತು ಹದಿನೈದು ವರ್ಷದಲ್ಲಿ ಉದುರುತ್ತದೆ. ಮುಟ್ಟಿದರೆ ಬೆಲ್ಲದ ಪುಡಿಯ ಹಾಗೆ ಕೈಗೆ ಅಂಟುತ್ತದೆ. ರಬ್ಬರು ಅದಕ್ಕಿಂತ ಜಾಸ್ತಿ ಬಾಳಿಕೆ ಬರುತ್ತದೆ. ಮನೆಯಲ್ಲಿ ಹಳೆಯ ಸ್ಪೀಕರ್ ಹೀಗೆ ಉದುರಿದ್ದರೆ ಎಸೆಯಬೇಡಿ. ಅಂಚು ಮಾತ್ರ ಹೊಸದು ಹಾಕುವವರು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ. ಐದಾರು ಸ್ಪೀಕರಿನ ಹೋಮ್ ಥಿಯೇಟರು ಸಿನಿಮಾ ನೋಡುವವರಿಗೆ. ಹಳೆಯ ಹಾಡು ಕೇಳುವವರಿಗೆ ಅದು ಬೇಕಿಲ್ಲ. ಸ್ಟೀರಿಯೊ ಎಲ್‌ಪಿ ಅಂಗಡಿಗೆ ಬಂದದ್ದೇ 1958ರ ಸುಮಾರಿಗೆ. ಅದಕ್ಕೂ ಹಿಂದಿನ ತಟ್ಟೆಗಳು ಬಹುಮಟ್ಟಿಗೆ ಎಡ, ಬಲ ಎಂದು ಬೇರೆ ಮಾಡದೆ ಒಂದೇ ದನಿ ತುಂಬಿದವು. ಅಂಥವನ್ನು ಕೇಳಲು ಐದು ಕೆಟ್ಟ ಸ್ಪೀಕರಿಗಿಂತ ಒಂದು ಒಳ್ಳೆಯದು ಸಾಕು.

ಇಲ್ಲಿ ನನ್ನ ಎಡಗಿವಿಯ ಬಗ್ಗೆ ಹೇಳಲೇಬೇಕು. ಅಂಗಡಿಯಲ್ಲಿ ರಿಪೇರಿ ಆದ ಸೆಟ್ಟನ್ನು ನನ್ನ ಎಡಗಡೆಯ ಮೇಜಿನ ಮೇಲೆ ಇಟ್ಟು, ಪೂರ್ತಿ ವಾಲ್ಯೂಮ್ ಕೊಟ್ಟು, ಕೋನು ಪರ್ ಎನ್ನುತ್ತದಾ ಎಂದು ಬಗ್ಗಿ ಕೇಳುತ್ತಿದ್ದೆ. ದಿನಕ್ಕೆ ಎಂಟು ಹತ್ತು ಸೆಟ್ಟು. ಮೂವತ್ತಕ್ಕೂ ಹೆಚ್ಚು ವರ್ಷ. 2014ರಲ್ಲಿ ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಗ್ರಾಫ್ ತೋರಿಸಿದರು. 4,000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಜೋರು ಸದ್ದಿನಿಂದ ಕೆಟ್ಟ ಕಿವಿಯ ಗುರುತು ಅದು. ಒಳಗಿವಿಯಲ್ಲಿ ಕೂದಲಿನಂಥ ಸಣ್ಣ ಕೋಶಗಳು ಇರುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈಗ ಮೊಮ್ಮಗಳು ಎಡಗಡೆಯಿಂದ ಮೆಲ್ಲಗೆ ಮಾತಾಡಿದರೆ ಅವಳ ಸ, ತ, ಶ ನನಗೆ ಕಲಸಿಹೋಗುತ್ತವೆ. ತಂಬೂರಿಯ ಜವಾರಿ ಆ ಕಿವಿಯಲ್ಲಿ ಅರ್ಧ ಮಾತ್ರ ಅರಳುತ್ತದೆ. ಮಾಸ್ತರರು ಕೊಟ್ಟದ್ದರಲ್ಲಿ ಅರ್ಧ ಕಳೆದುಕೊಂಡೆ ಎಂಬ ದುಃಖ ನನಗಿದೆ.

ಹಾಗಾಗಿ ಮಕ್ಕಳಿಗೆ ಹೆಡ್‌ಫೋನು ಕೊಡಿಸುವವರು ಇದನ್ನು ನೆನಪಿಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ತಾಸು. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ ಅಷ್ಟೇ ತಾಸು. ದನಿ 90ಕ್ಕೆ ಏರಿಸಿದರೆ ದೊಡ್ಡವರಿಗೂ ವಾರಕ್ಕೆ 4 ತಾಸು ಮಾತ್ರ. ಈಗಿನ ಎಷ್ಟೋ ಫೋನುಗಳಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯ ಇದೆ. ಡಬ್ಬಿ ಬಿಚ್ಚಿದ ದಿನವೇ ಮಿತಿ ಹಾಕಿ ಕೊಡಿ. ಮೂರು ಅಡಿ ದೂರದಲ್ಲಿ ನಿಂತು ನೀವು ಮಾಮೂಲಿ ದನಿಯಲ್ಲಿ ಕರೆದರೆ ಮಗುವಿಗೆ ಕೇಳಿಸದಿದ್ದರೆ, ವಾಲ್ಯೂಮ್ ಜಾಸ್ತಿ ಆಗಿದೆ ಅಂತಲೇ ತಿಳಿಯಿರಿ.

ಆ ಹುಡುಗನ ಕಥೆ ಹೇಳುವುದು ಉಳಿದಿದೆ. ನಾವು ಹುಬ್ಬಳ್ಳಿಯಲ್ಲಿ ಮೂರು ಅಂಗಡಿ ಹತ್ತಿದೆವು. ಮೊದಲ ಎರಡರಲ್ಲಿ "ಸೀಲ್ ಡಬ್ಬಿ, ಬಿಚ್ಚೋಕೆ ಬರಲ್ಲ" ಅಂದರು. ಒಂದು ಸೀರೆಯನ್ನು ಹೆಗಲ ಮೇಲೆ ಹಾಕಿ ನೋಡಲು ಬಿಡುತ್ತಾರೆ. ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ನಡೆಯಲು ಬಿಡುತ್ತಾರೆ. ಸಂತೆಯಲ್ಲಿ ಮಾವಿನಹಣ್ಣಿನ ಹೋಳು ಕೊಯ್ದು ಕೊಡುತ್ತಾರೆ. ಹತ್ತು ಸಾವಿರ ಕೊಟ್ಟು ಕೊಳ್ಳುವ ಸ್ಪೀಕರನ್ನು ಮಾತ್ರ ಕೇಳದೆ ತಗೊಂಡು ಹೋಗಬೇಕೇ? ಮೂರನೆಯ ಅಂಗಡಿಯವರು ವಯಸ್ಸಾದವರು. ಕುರ್ಚಿ ಹಾಕಿದರು, ಫ್ಯಾನ್ ನಿಲ್ಲಿಸಿದರು, ಪ್ರದರ್ಶನಕ್ಕೆ ಇಟ್ಟಿದ್ದ ನಾಲ್ಕು ಸ್ಪೀಕರಿಗೂ ನಮ್ಮ ಫೋನು ಜೋಡಿಸಿಕೊಟ್ಟರು. ನಾಲ್ಕಕ್ಕೂ ದನಿಯ ಮಟ್ಟ ಒಂದೇ ಇರುವಂತೆ ನಾನು ಹೊಂದಿಸಿದೆ. ಜೋರಾಗಿರುವುದೇ ಕಿವಿಗೆ ಚೆನ್ನ ಅನಿಸುತ್ತದೆ, ಆ ಮೋಸ ಆಗಬಾರದು. ಹುಡುಗನ ಅಪ್ಪ ಆಟೊ ಮಾಡಿಕೊಂಡು ಬಂದಿದ್ದರು. ಕಣ್ಣು ಮುಚ್ಚಿಕೊಂಡು ಗಂಗೂಬಾಯಿಯವರ ಗಾಯನ ಕೇಳಿದರು. ಮರದ ಡಬ್ಬಿಯ ಒಂದೇ ಸ್ಪೀಕರು ಹಾಡುವಾಗ ಮಗನ ಕೈ ಹಿಡಿದರು. "ಬಾಯಾರು ಉಸಿರು ತಗೊಳ್ಳೋದು ಕೇಳಸ್ತೈತಿ ನೋಡ" ಅಂದರು. ಅದನ್ನೇ ತಗೊಂಡೆವು. 15 ವ್ಯಾಟಿನದು.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಮಾದರಿಯಲ್ಲೂ ಒಂದನ್ನು ಬಿಚ್ಚಿ ಇಡಿ, ಒಂದು ಕುರ್ಚಿ ಹಾಕಿ. ಇಯರ್‌ಫೋನಿಗೆ ಹೊಸ ರಬ್ಬರ್ ಟೋಪಿ ಹಾಕಿ ಕೊಟ್ಟರೆ ಸ್ವಚ್ಛತೆಯ ತೊಂದರೆಯೂ ಬರುವುದಿಲ್ಲ. ನಿಮ್ಮಲ್ಲಿಯೂ ಒಂದು ಕೋರಿಕೆ ಇದೆ, ಸಂಪಾದಕರೆ. ಮುಂದಿನ ವರ್ಷ ಹಬ್ಬದ ಪುಟ ಮಾಡುವಾಗ ಬಣ್ಣದ ಜೊತೆಗೆ ಬ್ಯಾಟರಿ ಬದಲಿಸಲು ಬರುತ್ತದಾ, ತಂತಿ ಬಿಚ್ಚಲು ಬರುತ್ತದಾ, ಅಂಚು ರಬ್ಬರಿನದಾ ಎಂದೂ ಬರೆಯಿರಿ. ಪ್ರತಿಯೊಂದನ್ನೂ ಒಬ್ಬರು ಕೂತು ಕೇಳಿ ಎರಡು ಸಾಲು ಬರೆಯಲಿ. ಯಾರೂ ಸಿಗದಿದ್ದರೆ ನನಗೆ ಹೇಳಿ ಕಳಿಸಿ, ದುಡ್ಡು ಬೇಡ. ಮೊಮ್ಮಗಳನ್ನೂ ಕರೆದುಕೊಂಡು ಬರುತ್ತೇನೆ. ನನಗೆ ಕೇಳಿಸದ ಮೇಲಿನ ದನಿ ಅವಳು ಕೇಳುತ್ತಾಳೆ, ಉಳಿದದ್ದು ನಾನು ಕೇಳುತ್ತೇನೆ. ಮಾಸ್ತರರ ತಂಬೂರಿ ನನ್ನ ಫೋನಿನಲ್ಲೇ ಇದೆ.

ಇಂತಿ ನಿಮ್ಮ ಓದುಗ,
ನಿವೃತ್ತ ರೇಡಿಯೊ ರಿಪೇರಿಗಾರ, ಧಾರವಾಡ